ಐದು ವರ್ಷದ ಮಗುವಿನ ಕಡೆಗೂ ನೋಡೋಣ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರನ್ನು ಈಗಷ್ಟೇ ಸನ್ಮಾನಿಸಿದೆವು. ಸಂತೋಷ. ಆದರೆ ಇವರ ಜೊತೆಯಲ್ಲೇ ಒಂದನೇ ತರಗತಿಗೆ ಸೇರಿ, ಎಂಟನೆಯದಕ್ಕೆ ಶಾಲೆ ಬಿಟ್ಟು ಗ್ಯಾರೇಜು ಸೇರಿದ ಹುಡುಗ ನಮ್ಮ ಯಾವ ಪಟ್ಟಿಯಲ್ಲೂ ಇಲ್ಲ. ಬಡತನವೇ ಕಾರಣ ಎನ್ನುತ್ತೇವೆ. ಓದಲು ಬಾರದೆ ಹಿಂದಿನ ಬೆಂಚಿನಲ್ಲಿ ವರ್ಷಗಟ್ಟಲೆ ತಲೆ ತಗ್ಗಿಸಿ ಕುಳಿತದ್ದೂ ಕಾರಣವಿರಬಹುದಲ್ಲವೇ?

ಇಂಥ ತೊಂದರೆಯ ಸುಳಿವು ಶಾಲೆ ಸೇರುವ ಮೊದಲೇ ಸಿಗಬಲ್ಲದು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಬ್ರಾಡ್ಲಿ ಮತ್ತು ಬ್ರಯಂಟ್ ನಾಲ್ಕೈದು ವರ್ಷದ ಸುಮಾರು 400 ಮಕ್ಕಳಿಗೆ ಕೆಲವು ಪದಗಳನ್ನು ಹೇಳಿ, ಧ್ವನಿಯಲ್ಲಿ ಹೊಂದದ ಪದ ಯಾವುದೆಂದು ಕೇಳಿದರು. ಅಲ್ಲಿ ಎಡವಿದ ಮಕ್ಕಳಲ್ಲಿ ಹಲವರು ಮುಂದೆ ಓದಿನಲ್ಲೂ ಹಿಂದುಳಿದರು. 1983ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ಅಂಥ ಕೆಲವು ಮಕ್ಕಳಿಗೆ ಅಕ್ಷರಗಳೊಂದಿಗೆ ಧ್ವನಿಯ ಅಭ್ಯಾಸ ಮಾಡಿಸಿದಾಗ ಅವರ ಓದು ಸುಧಾರಿಸಿತು.

ಕನ್ನಡದ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ನಮ್ಮ ಕಾಗುಣಿತ, ಒತ್ತಕ್ಷರಗಳನ್ನು ಪೂರ್ತಿ ಕಲಿಯಲು ಮಕ್ಕಳಿಗೆ ಮೂರು ನಾಲ್ಕು ವರ್ಷವೇ ಹಿಡಿಯುತ್ತದೆ ಎಂದು ಸೊನಾಲಿ ನಾಗ್ ಅವರ ಅಧ್ಯಯನ ತೋರಿಸಿದೆ. ಒಂದನೇ ತರಗತಿಯ ಮಗು ಒತ್ತಕ್ಷರ ತಪ್ಪಿದರೆ ದಯವಿಟ್ಟು ಬೆತ್ತ ಹುಡುಕಬೇಡಿ. ಹಾಗೆಯೇ ಮನೆಯಲ್ಲಿ ಉರ್ದುವನ್ನೋ ಬ್ಯಾರಿಯನ್ನೋ ಆಡುವ ಮಗು ಕನ್ನಡ ಶಾಲೆಯಲ್ಲಿ ಕೆಲವು ತಿಂಗಳು ಬಾಯಿ ಬಿಡದಿದ್ದರೆ ಅದು ದಡ್ಡತನವಲ್ಲ. ಮನೆಮಾತಿನಲ್ಲಿ ಅದು ಹೇಗಿದೆ ಎಂದು ನೋಡಬೇಕು. ಅಲ್ಲಿಯೂ ಪದಗಳಿಗೆ ತಡಕಾಡುತ್ತಿದ್ದರೆ ಮಾತ್ರ ಯೋಚಿಸಬೇಕಾದ ವಿಷಯ.

ನಾವು ಹೆಚ್ಚು ಅಲಕ್ಷಿಸುವುದು ಕಿವಿಯನ್ನು. ಪದೇಪದೇ ಕಿವಿ ಸೋರುವ, ಹಿಂದಿನಿಂದ ಕರೆದರೆ ತಿರುಗದ ಮಗುವಿಗೆ ಎಣ್ಣೆ ಬಿಟ್ಟು ಸುಮ್ಮನಾಗುತ್ತೇವೆ, ಶಾಲೆಯಲ್ಲಿ ಅದಕ್ಕೆ 'ಗಮನವಿಲ್ಲದವ' ಎಂಬ ಬಿರುದು ಸಿಗುತ್ತದೆ. ಸರಿಯಾಗಿ ಕೇಳದ ಮಗು 'ಪ'ಕಾರವನ್ನೂ 'ಬ'ಕಾರವನ್ನೂ ಬೇರೆ ಮಾಡುವುದಾದರೂ ಹೇಗೆ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಹೋಗುತ್ತದೆ. ಖಾಸಗಿ ನರ್ಸರಿಗೆ ಮಾತ್ರ ಹೋಗುವ ನಮ್ಮ ಮಕ್ಕಳು ಅದರ ಕಣ್ಣಿಗೆ ಬೀಳದಿರಬಹುದು. ಅವರನ್ನು ಆಸ್ಪತ್ರೆಗೆ ನಾವೇ ಕರೆದೊಯ್ಯಬೇಕು. ಶ್ರವಣ ಮತ್ತು ಮಾತಿನ ತಪಾಸಣೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ವಿದ್ಯಾರ್ಥಿಗಳೇ, ಮನೆಯಲ್ಲಿ ಐದು ವರ್ಷದ ತಮ್ಮನೋ ತಂಗಿಯೋ ಇದ್ದರೆ ಇಂದು ರಾತ್ರಿ ಒಂದು ಆಟ ಆಡಿ. ಕಲ್ಲು, ಹಲ್ಲು, ಮರ. ಉರ್ದುವಿನಲ್ಲಾದರೆ ಕಾನ್, ಪಾನ್, ದೂಧ್. ಗುಂಪಿಗೆ ಸೇರದ ಪದ ಯಾವುದು ಎಂದು ಕೇಳಿ. ಒಮ್ಮೆ ತಪ್ಪಿದರೆ ನಕ್ಕು ಮತ್ತೆ ಆಡಿ. ವಾರಗಟ್ಟಲೆ ಆಡಿದರೂ ತಪ್ಪುತ್ತಿದ್ದರೆ ಮೊದಲು ಕಿವಿ ತೋರಿಸಿ, ಆಮೇಲೆ ಶಿಕ್ಷಕಿಯೊಡನೆ ಮಾತಾಡಿ.