ಹಲಗೆಯೂ ಅಡುಗೆಮನೆಯೂ

ಬೆಂಗಳೂರು, ಮೈಸೂರು, ಮಂಗಳೂರುಗಳ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಸೊಸೆಯೋ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತ ಕುಳಿತಿರುವುದನ್ನು ನೀವು ಕಂಡಿರಬಹುದು. ಹಿಂದೆ ನಿಂತು ನೋಡಿದವರಿಗೆ ಒಂದು ಸೋಜಿಗ. ತೆರೆಯ ಮೇಲೆ ಒಂದು ಬರಹವಿರುತ್ತದೆ. ಕೀಲಿ ಒತ್ತಿದೊಡನೆ ಅದು ಮಾಯವಾಗಿ ಬೇರೊಂದು ಬರಹ ಬರುತ್ತದೆ. ಮತ್ತೆ ಒತ್ತಿದರೆ ಮೊದಲಿನದೇ ಬರುತ್ತದೆ. ಮಕ್ಕಳಾಟದಂತೆ ತೋರುವ ಈ ಜಿಗಿತದ ಹಿಂದೆ ಗಂಭೀರವಾದ ಒಂದು ವಿಷಯವುಂಟು. ಅದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಿಮ್ಮೂರಿನ ಹೋಟೆಲೊಂದನ್ನು ನೆನೆಯಿರಿ. ಬಾಗಿಲ ಬಳಿ ಕರಿಹಲಗೆ; ಅದರ ಮೇಲೆ ಸೀಮೆಸುಣ್ಣದಲ್ಲಿ ಇಂದಿನ ತಿಂಡಿಗಳ ಪಟ್ಟಿ. ಒಳಗೆ ಅಡುಗೆಮನೆ. ಗಿರಾಕಿ ಹಲಗೆಯನ್ನು ಓದಿ ದೋಸೆ ಹೇಳುತ್ತಾನೆಯೇ ಹೊರತು ಅಡುಗೆಮನೆಗೆ ಹೋಗಿ ಹಿಟ್ಟು ಇದೆಯೇ ಎಂದು ನೋಡುವುದಿಲ್ಲ. ಹಲಗೆಯ ಮಾತನ್ನು ನಂಬುವುದೇ ಅವನ ಕೆಲಸ.

1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಎಂಬುವರು ರೂಪಿಸಿದ ‘ಸಿ’ ಎಂಬ ಭಾಷೆಯಲ್ಲಿಯೂ ಇಂಥದೇ ಏರ್ಪಾಡು. ಬಡ್ಡಿಯ ಲೆಕ್ಕ ಹಾಕುವ ಒಂದು ಭಾಗವನ್ನು ಬರೆಯಬೇಕೆಂದುಕೊಳ್ಳಿ. ಲೆಕ್ಕ ಹಾಕುವ ಕ್ರಮವೆಲ್ಲ ‘ಬಡ್ಡಿ.ಸಿ’ ಎಂಬ ಕಡತದಲ್ಲಿರುತ್ತದೆ; ಇದು ಸೋರ್ಸ್ ಕಡತ, ನಮ್ಮ ಅಡುಗೆಮನೆ. ‘ಅಸಲು ಮತ್ತು ದರ ಕೊಡಿ, ಬಡ್ಡಿ ಹೇಳುತ್ತೇನೆ’ ಎಂಬ ಪ್ರಕಟಣೆ ಮಾತ್ರ ‘ಬಡ್ಡಿ.ಎಚ್’ ಎಂಬ ಇನ್ನೊಂದು ಕಡತದಲ್ಲಿರುತ್ತದೆ. ಇದು ಹೆಡರ್ ಕಡತ, ಹೊರಗಿನ ಹಲಗೆ. ಪ್ರೋಗ್ರಾಮಿನ ಉಳಿದ ಭಾಗಗಳು ಹೆಡರನ್ನಷ್ಟೇ ಓದಿ ವ್ಯವಹರಿಸುತ್ತವೆ. ಇದರಿಂದ ಒಂದು ದೊಡ್ಡ ಅನುಕೂಲವಿದೆ. ಸಾವಿರಾರು ಕಡತಗಳ ಪ್ರೋಗ್ರಾಮಿನಲ್ಲಿ ಒಂದು ಸೋರ್ಸ್ ಕಡತವನ್ನು ತಿದ್ದಿದರೆ ಅದೊಂದನ್ನು ಮಾತ್ರ ಯಂತ್ರಭಾಷೆಗೆ ಮತ್ತೆ ಇಳಿಸಿದರೆ ಸಾಕು.

ಅನುಕೂಲದ ಬೆನ್ನಿಗೇ ಅಪಾಯವೂ ಇದೆ. ಹಲಗೆ ಒಂದು ಹೇಳಿ ಅಡುಗೆಮನೆ ಇನ್ನೊಂದು ಮಾಡಿದರೆ ಗತಿಯೇನು? ದರವು ಪೂರ್ಣಾಂಕ ಎಂದು ಹೆಡರಿನಲ್ಲಿದೆ, ದಶಮಾಂಶದ ಸಂಖ್ಯೆ ಎಂದು ಸೋರ್ಸಿನಲ್ಲಿದೆ ಎನ್ನಿ. ಸೋರ್ಸ್ ಕಡತವು ತನ್ನ ಹೆಡರನ್ನು ತಾನೇ ಓದಿಕೊಳ್ಳದಿದ್ದರೆ, ಭಾಷಾಂತರ ಮಾಡುವ ಕಂಪೈಲರಿಗೆ ಎರಡೂ ಮಾತುಗಳು ಒಟ್ಟಿಗೆ ಕಾಣುವುದೇ ಇಲ್ಲ. ಕೊನೆಯಲ್ಲಿ ಭಾಗಗಳನ್ನು ಜೋಡಿಸುವ ಲಿಂಕರು ಹೆಸರು ಹೊಂದಿತೇ ಎಂದಷ್ಟೇ ನೋಡುತ್ತದೆ. ಯಾರೂ ತಕರಾರು ಮಾಡುವುದಿಲ್ಲ. ಬಡ್ಡಿ ಮಾತ್ರ ತಪ್ಪುತ್ತದೆ. ಆದ್ದರಿಂದಲೇ ತನ್ನ ಹೆಡರನ್ನು ತನ್ನ ಸೋರ್ಸಿನಲ್ಲಿ ಸೇರಿಸುವುದು ಬಲ್ಲವರ ಪದ್ಧತಿ. ಆಗ ಎರಡನ್ನೂ ಹೋಲಿಸಿ ಕಂಪೈಲರೇ ತಡೆಯುತ್ತದೆ.

ಆದರೆ ಕಂಪೈಲರಿಗೆ ಕಾಣದ ಮಾತುಗಳೂ ಇವೆ. ‘ದರ ವರ್ಷಕ್ಕೆ ನೂರಕ್ಕೆ ಇಷ್ಟು’ ಎಂದು ಹೆಡರಿನಲ್ಲಿ ಮನುಷ್ಯರಿಗಾಗಿ ಟಿಪ್ಪಣಿ ಬರೆದಿದೆ. ಒಂದು ದಿನ ಬರೆಯುವವರು ಸೋರ್ಸಿನ ಲೆಕ್ಕವನ್ನು ತಿಂಗಳ ದರಕ್ಕೆ ಬದಲಿಸಿದರು. ಹೆಡರನ್ನು ಆಮೇಲೆ ತಿದ್ದೋಣವೆಂದು ಬಿಟ್ಟರು. ಹಲಗೆ ನಂಬಿದವರು 12 ಎಂದು ವಾರ್ಷಿಕ ದರವನ್ನೇ ಕೊಟ್ಟರು. 1,000 ರೂಪಾಯಿ ಸಾಲಕ್ಕೆ ವರ್ಷಕ್ಕೆ 120 ರೂಪಾಯಿ ಬರಬೇಕಾದ ಬಡ್ಡಿ 1,440 ಆಯಿತು! ವ್ಯಾಕರಣದಲ್ಲಿ ತಪ್ಪಿಲ್ಲ, ಯಂತ್ರದಲ್ಲಿ ದೋಷವಿಲ್ಲ. ತಿದ್ದದೆ ಉಳಿದ ಒಂದು ಸಾಲು ಸಾಲಗಾರನ ತಲೆಯ ಮೇಲೆ ಬಿತ್ತು.

ಆ ‘ಆಮೇಲೆ’ ಎಂಬ ಮಾತಿಗೇ ಈ ಕೀಲಿಯು ಔಷಧ. ಇನ್ನೊಂದು ಕಡತದ ಹೆಸರು ನೆನೆದು, ಎಲ್ಲಿದೆಯೆಂದು ಹುಡುಕಿ, ತೆರೆಯುವಷ್ಟರಲ್ಲಿ ಯೋಚನೆಯ ಎಳೆ ಹರಿದುಹೋಗುತ್ತದೆ. ಕಣ್ಣುಮುಚ್ಚಿ ತೆರೆಯುವುದರೊಳಗೆ ಅಲ್ಲಿಗೆ ಹೋಗಿ ಬರುವಂತಿದ್ದರೆ ತಿದ್ದುವುದು ಅಭ್ಯಾಸವಾಗುತ್ತದೆ. ಬಿಲ್ ಜಾಯ್ ಅವರು 1976ರಲ್ಲಿ ಆರಂಭಿಸಿದ ‘ವಿಐ’ ಎಂಬ ಎಡಿಟರಿನ ಹಾದಿಯಲ್ಲಿ, 1991ರಲ್ಲಿ ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ ಅವರು ‘ವಿಮ್’ ಎಂಬುದನ್ನು ಹೊರತಂದರು. ಅದರಲ್ಲಿ ಕಡತದ ಹೆಸರಿನ ಮೇಲೆ ನಿಂತು ‘ಜಿ’, ‘ಎಫ್’ ಒತ್ತಿದರೆ ಆ ಕಡತವೇ ತೆರೆಯುತ್ತದೆ. ಇನ್ನೊಂದು ಕೀಲಿಯ ಜೋಡಿ ಹಿಂದಿನ ಕಡತಕ್ಕೆ ಮರಳಿಸುತ್ತದೆ. ‘ಈಮ್ಯಾಕ್ಸ್’ ಎಂಬ ಎಡಿಟರಿನಲ್ಲಿ ಹೆಡರ್‌ನಿಂದ ಸೋರ್ಸಿಗೆ ಜಿಗಿಯಲೆಂದೇ ಒಂದು ಆಜ್ಞೆಯುಂಟು. ‘ಕ್ಯೂಟಿ ಕ್ರಿಯೇಟರ್’ ಎಂಬುದರಲ್ಲಿ ಎಫ್ 4 ಕೀಲಿ ಸಾಕು.

ಇದರ ಯುಕ್ತಿ ಸರಳ. ಹೆಸರಿನ ಬಾಲದಲ್ಲಿರುವ ‘ಸಿ’ ತೆಗೆದು ‘ಎಚ್’ ಹಚ್ಚಿ, ಮೊದಲು ಪಕ್ಕದಲ್ಲೇ ಹುಡುಕುವುದು. ಸಿಗದಿದ್ದರೆ ಮೊದಲೇ ತಿಳಿಸಿಟ್ಟ ಬೇರೆ ಕಪಾಟುಗಳಲ್ಲಿ ಅರಸುವುದು. ಒಂದೇ ಹೆಸರಿನ ಕಡತ ಎರಡು ಕಡೆ ಇದ್ದರೆ ತಪ್ಪು ಮನೆಯ ಬಾಗಿಲು ತಟ್ಟುವುದೂ ಉಂಟು. ಆದ್ದರಿಂದ ‘ಕ್ಲ್ಯಾಂಗ್‌ಡಿ’ಯಂಥ ಈಚಿನ ಸಾಧನಗಳು ಹೆಸರನ್ನಷ್ಟೇ ನಂಬದೆ, ಎಲ್ಲಿ ಸಾರಿದ್ದನ್ನು ಎಲ್ಲಿ ಮಾಡಿದೆ ಎಂಬ ಸೂಚಿಯನ್ನೂ ಇಟ್ಟುಕೊಂಡು ದಾರಿ ತೋರಿಸುತ್ತವೆ.

ದಾರಿ ಹತ್ತಿರವಾದ ಮಾತ್ರಕ್ಕೆ ಪ್ರಾಮಾಣಿಕತೆ ತಾನಾಗಿ ಬಂದುಬಿಡುವುದಿಲ್ಲ. ಆದರೆ ಹೋಗದಿರುವುದಕ್ಕೆ ಇದ್ದ ಒಂದು ನೆಪ ತಪ್ಪುತ್ತದೆ, ಅಷ್ಟೇ. ಅಡುಗೆಮನೆಗೂ ಹಲಗೆಗೂ ನಡುವೆ ಒಂದು ಕಿಟಕಿಯನ್ನು ಕೊರೆದುಕೊಡಬಹುದು. ಕೈಚಾಚಿ ಹಲಗೆ ಒರೆಸಿ ಬರೆಯಬೇಕಾದವನು ಭಟ್ಟನೇ.

ಇನ್ನೊಮ್ಮೆ ನಿಮ್ಮ ಮನೆಯಲ್ಲಿ ತೆರೆಯ ಮೇಲಿನ ಬರಹ ಹೀಗೆ ಹಿಂದೆ ಮುಂದೆ ಜಿಗಿಯುವುದನ್ನು ಕಂಡಾಗ, ಕಾಫಿ ಲೋಟವನ್ನು ಪಕ್ಕದಲ್ಲಿಟ್ಟು ಮೆಲ್ಲಗೆ ಕೇಳಿನೋಡಿ: “ಹಲಗೆ ತಿದ್ದಿದ್ದಾಯಿತೇನಮ್ಮ?”