ಅರ್ಬುದದ ಲೆಕ್ಕ

ಅರ್ಬುದವೆಂಬ ಶಬ್ದಕ್ಕೆ ನಿಘಂಟುಗಳು ಎರಡು ಅರ್ಥ ಕೊಡುತ್ತವೆ: ಮೈಯಲ್ಲಿ ಬೆಳೆಯುವ ಗಂಟು ಒಂದು, ಬಲು ದೊಡ್ಡ ಸಂಖ್ಯೆ ಇನ್ನೊಂದು. ಕ್ಯಾನ್ಸರಿಗೆ ಈ ಹೆಸರಿಟ್ಟವರು ಎರಡನೆಯದನ್ನು ನೆನೆದಿರಲಾರರು. ನಾನು ಹೇಳಹೊರಟಿರುವುದು ಮಾತ್ರ ಆ ರೋಗದ ಲೆಕ್ಕವನ್ನೇ.

ಒಂದು ವರ್ಷದಲ್ಲಿ ಈ ರೋಗದಿಂದ ಎಷ್ಟು ಜನ ಸತ್ತಾರೆಂದು ಮೊದಲೇ ಹೇಳಬಹುದೇ? ಇದು ಜೋಯಿಸರ ಕವಡೆಯ ಮಾತಲ್ಲ. ಯೂರೋಪಿನ ಒಕ್ಕೂಟದ ದೇಶಗಳಿಗಾಗಿ ಮಿಲಾನಿನ ವಿದ್ವಾಂಸರು 2011ರಿಂದ ಇಂಥ ಮುನ್ನೋಟವನ್ನು ವರ್ಷವರ್ಷವೂ ಪ್ರಕಟಿಸುತ್ತ ಬಂದಿದ್ದಾರೆ. ಹಲವು ವರ್ಷಗಳ ಮರಣದ ದಾಖಲೆಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ, ಏರಿಳಿತದ ಗೆರೆ ಕಡೆಯ ಸಲ ಎಲ್ಲಿ ತಿರುಗಿತೆಂದು ಕಂಡುಕೊಂಡು, ಅಲ್ಲಿಂದೀಚಿನ ಗತಿಯನ್ನೇ ಮುಂದಕ್ಕೆ ಎಳೆಯುತ್ತಾರೆ. ಅಲ್ಲಿ ಗಂಡಸರು ಸಿಗರೇಟು ಬಿಡುತ್ತ ಬಂದಂತೆ ಅವರ ಶ್ವಾಸಕೋಶದ ಕ್ಯಾನ್ಸರಿನ ಮರಣದರ ಇಳಿಯಿತು. ಹೆಂಗಸರು ತಡವಾಗಿ ಹಿಡಿದರು. ಅವರದು ಬಹುಕಾಲ ಏರುತ್ತಲೇ ಇತ್ತು.

ದರ ಬೇರೆ, ಎಣಿಕೆ ಬೇರೆ. ವಿದ್ಯಾರ್ಥಿಗಳೇ ತುಂಬಿದ ಬಡಾವಣೆಯನ್ನು ಮುದುಕರೇ ಉಳಿದ ಹಳ್ಳಿಯೊಡನೆ ಹಾಗೆಯೇ ಹೋಲಿಸಿದರೆ ಹಳ್ಳಿಗೆ ಅನ್ಯಾಯ. ಆದ್ದರಿಂದ ಎರಡು ಕಡೆಯೂ ವಯಸ್ಸಿನ ಹಂಚಿಕೆ ಒಂದೇ ಎಂದಿಟ್ಟುಕೊಂಡು ದರವನ್ನು ಸರಿದೂಗಿಸುವರು. ಮುದುಕರು ಹೆಚ್ಚಿದಂತೆ ಸತ್ತವರ ಎಣಿಕೆ ಏರಿ, ದರ ಇಳಿಯುವುದೂ ಉಂಟು. ಪತ್ರಿಕೆಯಲ್ಲಿ ಎಣಿಕೆಯನ್ನಷ್ಟೇ ಓದಿ ತಾವು ದಿಗಿಲುಬೀಳಬಾರದು.

ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಆ ನಗರದ ರೋಗಿಗಳ ನೋಂದಣಿ ನಡೆಸಿದೆ. ಇಂಥ ನೋಂದಣಿಗಳನ್ನು ಆಧರಿಸಿ, 2025ರಲ್ಲಿ ದೇಶದಲ್ಲಿ ಸುಮಾರು 15.7 ಲಕ್ಷ ಹೊಸ ರೋಗಿಗಳಾದಾರೆಂದು 2020ರಲ್ಲಿ ಅಂದಾಜು ಮಾಡಿದರು. ಇದು ರೋಗಿಗಳ ಲೆಕ್ಕ. ಸಾವಿನ ಲೆಕ್ಕದಲ್ಲಿ ನಾವು ಇನ್ನೂ ಬಡವರು: 2021ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದುಕೊಟ್ಟದ್ದು ನೂರಕ್ಕೆ 23.4ಕ್ಕೆ ಮಾತ್ರ.

ಹರಿಹರ ತಾಲ್ಲೂಕಿನ ಸಾರಥಿಯಲ್ಲಿ, ಎಲೆಯಡಿಕೆಯೊಡನೆ ಕಡ್ಡಿಪುಡಿ ಹಾಕುತ್ತಿದ್ದ ಅಜ್ಜನೊಬ್ಬ ಬಾಯಿಹುಣ್ಣಿನಿಂದ ಸೊರಗಿ ಮನೆಯಲ್ಲೇ ತೀರಿಕೊಂಡನೆನ್ನಿ. ದಾವಣಗೆರೆಯ ವೈದ್ಯರು ರೋಗದ ಹೆಸರು ಹೇಳಿಯೇ ಕಳುಹಿಸಿದ್ದರು. ಮನೆಯವರಿಗೆ ಆ ಹೆಸರೆತ್ತಲು ಸಂಕೋಚ. ಮೊಮ್ಮಗಳ ಮದುವೆಯ ಮಾತು ಬೇರೆ ನಡೆದಿದೆ. ‘ವಯಸ್ಸಾಗಿತ್ತು’ ಎಂದು ಬರೆಸಿ ಬಂದರು. ಅಜ್ಜ ಕ್ಯಾನ್ಸರಿನ ಲೆಕ್ಕದಿಂದ ಜಾರಿಹೋದ. ಇಂಥ ನೂರು ಅಜ್ಜಂದಿರು ಜಾರಿದ ಮೇಲೆ, ನಮ್ಮ ಜಿಲ್ಲೆಗೆ ಎಷ್ಟು ವಿಕಿರಣ ಯಂತ್ರ ಬೇಕು, ನೋವಿಗೆ ಎಷ್ಟು ಮಾರ್ಫಿನ್ ಬೇಕು ಎಂದು ಯಾವ ಗಣಿತಜ್ಞ ಹೇಳಿಯಾನು?

2023ರಲ್ಲಿ ತಿದ್ದುಪಡಿಯಾದ 1969ರ ಜನನ ಮರಣ ನೋಂದಣಿ ಕಾನೂನಿನಂತೆ, ಕಡೆಯ ಕಾಯಿಲೆಗೆ ಚಿಕಿತ್ಸೆ ಕೊಟ್ಟ ವೈದ್ಯರು ಸಾವಿನ ಕಾರಣದ ಪತ್ರವನ್ನು ಶುಲ್ಕವಿಲ್ಲದೆ ಕೊಡಬೇಕು. ಆಸ್ಪತ್ರೆಯ ಹಳೆಯ ಚೀಟಿಗಳನ್ನು ತಿಥಿ ಮುಗಿಯುವ ಮುನ್ನ ಒಲೆಗೆ ಹಾಕದೆ ಅವರ ಮುಂದಿಡಿ. ನೋಂದಣಿಗೆ 21 ದಿನಗಳ ಅವಕಾಶವಿದೆ.