ದಿನಕ್ಕೊಂದು ಮಾತ್ರೆ, ಅದೂ ದಾಸೋಹವೇ

(ಮಾನ್ವಿಯಲ್ಲಿ ಜರುಗಿದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಎಚ್‌ಐವಿ ಬಗ್ಗೆ ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆ. "ಮಠದಾಗ ಆ ಮಾತು ಹೆಂಗ ಆಡೋದ್ರಿ ಅಪ್ಪಾರ?" ಎಂದೆ. "ಮಠದಾಗ ಆಡದಿದ್ರ ಮತ್ತೆಲ್ಲಿ ಆಡ್ತೀರಿ?" ಎಂದರು.

ನಾನು ಆರೋಗ್ಯ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಜಾತ್ರೆಯ ದಾಸೋಹದಲ್ಲಿ ಒಬ್ಬ ತಾಯಿ ಬಂದು ಪಂಕ್ತಿಯಲ್ಲಿ ಕುಳಿತರು. ಗುಳೆ ಹೋಗಿ ಬಂದ ಅವರ ಗಂಡ ಯಾವ ಕಾಯಿಲೆಯಿಂದ ತೀರಿಕೊಂಡನೆಂಬುದು ಊರಿಗೆಲ್ಲ ಗೊತ್ತಿತ್ತು. ಪಕ್ಕದವರು ಎದ್ದು ಬೇರೆ ಸಾಲಿಗೆ ಹೋದರು. ಬಡಿಸುವವರು ದೂರದಿಂದಲೇ ಅನ್ನ ಹಾಕಿದರು. ಜೊತೆಗೆ ಕುಳಿತು ಉಂಡರೆ ಈ ರೋಗ ಬರುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಲೆ ತಗ್ಗಿಸಿ ಉಂಡು ಎದ್ದೆ. ಕೊರಳಲ್ಲಿ ಲಿಂಗವಿತ್ತು, ಬಾಯಲ್ಲಿ ಮಾತಿರಲಿಲ್ಲ. ಅಂದು ಆಡದ ಮಾತನ್ನು ಇಂದು ಆಡುತ್ತೇನೆ.

ಎಚ್‌ಐವಿ ಒಂದು ವೈರಾಣು. ರೋಗಗಳ ವಿರುದ್ಧ ಹೋರಾಡುವ ಪಡೆಯೊಂದು ನಮ್ಮ ರಕ್ತದಲ್ಲಿದೆ. ಅದನ್ನು ಮುನ್ನಡೆಸುವವು ಸಿಡಿ4 ಎಂಬ ಬಿಳಿ ರಕ್ತಕಣಗಳು. ಈ ವೈರಾಣು ಅವುಗಳೊಳಗೇ ಹೊಕ್ಕು, ತನ್ನ ಸಂತತಿಯನ್ನು ಬೆಳೆಸಿ, ಅವುಗಳನ್ನೇ ಕೊಲ್ಲುತ್ತದೆ. ಇದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ, ಮನುಷ್ಯ ಹೊರಗೆ ಗಟ್ಟಿಮುಟ್ಟಾಗಿಯೇ ಕಾಣುತ್ತಾನೆ. ಪಡೆ ಕರಗಿದ ಮೇಲೆ ಕ್ಷಯದಂಥ ರೋಗಗಳು ನುಗ್ಗುತ್ತವೆ. ಆ ಸ್ಥಿತಿಗೆ ಏಡ್ಸ್ ಎನ್ನುತ್ತಾರೆ. ಇದು ಹರಡುವುದು ಸುರಕ್ಷಿತವಲ್ಲದ ದೈಹಿಕ ಸಂಪರ್ಕದಿಂದ, ಸೋಂಕಿನ ರಕ್ತ ಮತ್ತು ಸೂಜಿಗಳಿಂದ, ತಾಯಿಯಿಂದ ಮಗುವಿಗೆ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಕೊಡದ ನೀರು ಕುಡಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ.

ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಔಷಧ ಬಂದ ಮೇಲೂ ಬಡವರಿಗೆ ಅದು ಎಟುಕಲಿಲ್ಲ. ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಬೀಳುತ್ತಿತ್ತು. 2001ರಲ್ಲಿ ನಮ್ಮದೇ ದೇಶದ ಸಿಪ್ಲಾ ಕಂಪನಿ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡಲು ಮುಂದೆ ಬಂತು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿತು. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಔಷಧ ಕೊಡುವ ನೀತಿ ಬಂತು.

ಇಂದು ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ ಸಾಕು. ಅದರಿಂದ ರೋಗ ಬುಡಸಮೇತ ಹೋಗುವುದಿಲ್ಲ, ಆದರೆ ವೈರಾಣು ಅಡಗಿ ಕೂರುತ್ತದೆ. ರಕ್ತಪರೀಕ್ಷೆಯಲ್ಲಿ ಕಾಣದಷ್ಟು ಅಡಗಿ, ಹಾಗೆಯೇ ಉಳಿದರೆ, ದೈಹಿಕ ಸಂಪರ್ಕದಿಂದಲೂ ಇನ್ನೊಬ್ಬರಿಗೆ ಹರಡುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಸೋಂಕಿತ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. ಸರಿಯಾದ ಚಿಕಿತ್ಸೆಯಿಂದ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಅಂದರೆ ಒಬ್ಬರಿಗೆ ಕೊಟ್ಟ ಮಾತ್ರೆ ಅವರ ಮನೆಯವರನ್ನೂ, ಇನ್ನೂ ಹುಟ್ಟದ ಕೂಸನ್ನೂ ಕಾಯುತ್ತದೆ.

ಹಾಗಾದರೆ ತೊಡಕು ಎಲ್ಲಿದೆ? ದೇವದುರ್ಗ ತಾಲ್ಲೂಕಿನ ಒಬ್ಬ ತಾಯಿ ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಎರಡು ತಿಂಗಳು ಮಾತ್ರೆ ಬಿಟ್ಟಿದ್ದರು. "ಬಸ್ಸೂ ಪುಕ್ಕಟ ಐತಿ, ಗುಳಿಗೀನೂ ಪುಕ್ಕಟ ಐತಿ, ಯಾಕವ್ವ ಬಿಟ್ಟಿ?" ಎಂದು ಕೇಳಿದೆ. "ಬಸ್ಸು ಪುಕ್ಕಟ ಐತ್ರಿ, ಕೂಲಿ ಪುಕ್ಕಟ ಬರಲ್ರಿ" ಎಂದರು. ದೇವದುರ್ಗವಾಗಲಿ ಮಾನ್ವಿಯಾಗಲಿ, ರಾಯಚೂರಿಗೆ ಸುಮಾರು ಐವತ್ತು ಕಿಲೋಮೀಟರ್. ಹೋಗಿ ಬರಲು ಒಂದು ದಿನದ ಕೂಲಿ ಹೋಯಿತು. ಹತ್ತಿರದಲ್ಲೇ ಮಾತ್ರೆ ಸಿಕ್ಕರೂ, ಸಾಲಿನಲ್ಲಿ ಊರವರು ಕಂಡಾರೆಂಬ ಅಂಜಿಕೆ. ಎರಡು ತಿಂಗಳಲ್ಲಿ ಅಡಗಿದ್ದ ವೈರಾಣು ಎದ್ದಿತು, ಕ್ಷಯ ಬಂತು. ಪುಣ್ಯಕ್ಕೆ ಆ ತಾಯಿ ಉಳಿದರು. ಎಲ್ಲರೂ ಉಳಿಯುವುದಿಲ್ಲ. ಹೀಗೆ ಬಿಟ್ಟು ಬಿಟ್ಟು ನುಂಗಿದರೆ ವೈರಾಣು ಆ ಔಷಧಕ್ಕೆ ಜಗ್ಗದಂತಾಗಬಹುದು. ಆಗ ಬೇರೆ, ದುಬಾರಿ ಔಷಧವೇ ಬೇಕು. ಒಂದು ದಿನದ ಕೂಲಿ ಉಳಿಸಲು ಹೋಗಿ ಆಗುವ ನಷ್ಟ ಇಷ್ಟು.

ಆದ್ದರಿಂದ ಹಣ ಎರಡು ಕಡೆಯಿಂದ ಬರಬೇಕು. ಒಂದು ಸರ್ಕಾರದಿಂದ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಐದನೇ ಹಂತಕ್ಕೆ, 2021ರಿಂದ 2026ರ ಮಾರ್ಚ್‌ವರೆಗೆ, ಕೇಂದ್ರ ಸರ್ಕಾರ 15,471.94 ಕೋಟಿ ರೂಪಾಯಿ ಗೊತ್ತುಪಡಿಸಿತು. ಇದು ಒಮ್ಮೆ ಕೊಟ್ಟು ಕೈತೊಳೆಯುವ ಹಣವಲ್ಲ, ಮಾತ್ರೆ ಜೀವನಪೂರ್ತಿ ಬೇಕು. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಆಫ್ರಿಕಾದ ಹಲವು ದೇಶಗಳಲ್ಲಿ ಚಿಕಿತ್ಸಾಲಯಗಳು ಬಾಗಿಲು ಹಾಕಿದ್ದನ್ನು ಕಂಡಿದ್ದೇವೆ. ನಮ್ಮಲ್ಲಿ ಹಾಗಾಗದಂತೆ, ಓಟು ಕೇಳಲು ಬರುವವರನ್ನು ಈ ಪ್ರಶ್ನೆಯನ್ನೂ ಕೇಳಿರಿ.

ಇನ್ನೊಂದು ನಮ್ಮಿಂದ. "ದಾರಿ ತಪ್ಪಿದವರಿಗೆ ನಮ್ಮ ರೊಕ್ಕ ಯಾಕ?" ಎನ್ನುವವರು ಇದ್ದಾರೆ. ಪಂಕ್ತಿಯಲ್ಲಿ ಕುಳಿತಿದ್ದ ಆ ತಾಯಿ ಯಾವ ದಾರಿ ತಪ್ಪಿದ್ದರು? ಹುಟ್ಟುವ ಕೂಸು ಯಾವ ದಾರಿ ತಪ್ಪಿತ್ತು? ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. ಆದರೆ ಚಿಕ್ಕಂದಿನಲ್ಲೇ ಮುತ್ತು ಕಟ್ಟಿಸಿಕೊಂಡ ತಾಯಂದಿರು ನಮ್ಮ ಜಿಲ್ಲೆಯಲ್ಲಿ ಈಗಲೂ ಇದ್ದಾರೆ. ಆ ದಾರಿಗೆ ಅವರನ್ನು ತಳ್ಳಿದವರು ಯಾರು? ತಪ್ಪಿದವರೆಂದೇ ಇಟ್ಟುಕೊಳ್ಳಿ. ಸೂಳೆ ಸಂಕವ್ವೆಯನ್ನು ಶರಣರು ಹೊರಗೆ ನಿಲ್ಲಿಸಲಿಲ್ಲ. ಆಕೆಯ ಒಂದೇ ಒಂದು ವಚನ ನಮಗೆ ಸಿಕ್ಕಿದೆ, ಅದನ್ನು ನಾವು ಶರಣ ಸಾಹಿತ್ಯವೆಂದೇ ಓದುತ್ತೇವೆ. ವಚನ ಓದಿ, ಅಂಥ ತಾಯಿ ಬಂದರೆ ಪಂಕ್ತಿ ಬಿಟ್ಟೇಳುವುದು ಯಾವ ಬಸವಧರ್ಮ?

ನಮ್ಮ ಜಿಲ್ಲೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ತಾಯಿ. ಅಗತ್ಯಕ್ಕಿಂತ ಹೆಚ್ಚಿನದು ನಮ್ಮದಲ್ಲ ಎಂಬುದು ಆಕೆಯ ಲೆಕ್ಕ. ಅದೇ ಲೆಕ್ಕದಲ್ಲಿ ಕೇಳುತ್ತೇನೆ: ಜಾತ್ರೆಯ ಒಂದು ಪೆಂಡಾಲು, ಒಂದಿಷ್ಟು ಪಟಾಕಿ ಕಡಿಮೆ ಮಾಡಿ ಆ ಹಣವನ್ನು ಬೇರೆ ಇಡೋಣ. ಔಷಧಕ್ಕೆ ಹೋಗುವ ದಿನದ ಕೂಲಿ, ಗಂಡಸರ ಬಸ್ ಚಾರ್ಜು, ಮನೆಗೊಂದಿಷ್ಟು ಬೇಳೆಕಾಳು ಇದರಿಂದ ಆಗಲಿ. ಹಣ ಆಸ್ಪತ್ರೆಯ ಆಪ್ತಸಮಾಲೋಚಕರ ಮೂಲಕ ತಲುಪಲಿ. ಮಠದ ವಹಿಯಲ್ಲಿ ಖರ್ಚು ಬರೆಯೋಣ, ಪಡೆದವರ ಹೆಸರು ಬೇಡ, ಫೋಟೋ ಬೇಡವೇ ಬೇಡ. ಸೋಂಕಿತರ ಗುಟ್ಟು ಕಾಯಬೇಕು, ಅವರಿಗೆ ಭೇದಭಾವ ಮಾಡಕೂಡದು ಎಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯೂ ಹೇಳುತ್ತದೆ.

ಸಂಶಯವಿದ್ದವರು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಪರೀಕ್ಷೆ ಮಾಡಿಸಿಕೊಳ್ಳಿ. 1097ಕ್ಕೆ ಕರೆ ಮಾಡಿದರೆ ಮಾಹಿತಿ ಪುಕ್ಕಟೆ ಸಿಗುತ್ತದೆ.

ಇನ್ನು ಸ್ವಲ್ಪ ಹೊತ್ತಿಗೆ ಪ್ರಸಾದಕ್ಕೆ ಕೂಡುತ್ತೇವೆ. ನಿಮ್ಮ ಪಕ್ಕದಲ್ಲಿ ಯಾರು ಕುಳಿತರೂ ಏಳಬೇಡಿರಿ. ನಾನೂ ಈ ಸಲ ತಲೆ ಎತ್ತಿ ಉಣ್ಣುತ್ತೇನೆ.